ನಿನ್ನನ್ನು ನನ್ನಿಂದ ಕಸಿದ ಹಳ್ಳ

ನನ್ನ ಅಣ್ಣಾ,

ಇಷ್ಟು ದಿನ ನಿನ್ನನ್ನು ನೆನೆದರೆ ಬರೀ ಅಳು ಬರುತ್ತಿತ್ತು. ಹೋದ ಶುಕ್ರವಾರದಿಂದ ಹೊಟ್ಟೆಕಿಚ್ಚೂ ಸೇರಿಕೊಂಡಿದೆ.

ಅವತ್ತು ದೋಹಾದ ಮುಶೈರಿಬ್‌ನ ನಮ್ಮ ಮನೆಯಲ್ಲಿ ಏಸಿ ಕೆಟ್ಟಿತ್ತು. ಮೆಕ್ಯಾನಿಕ್ ಬಂದನೆಂದು ಇವರು ಬಾಗಿಲು ತೆರೆದರೆ, ನಿಂತಿದ್ದವಳು ಒಬ್ಬ ಹುಡುಗಿ. ಹೆಸರು ಫೂಲ್ಮನಿ, ಇಲ್ಲಿನ ಆಸ್ಪತ್ರೆಯೊಂದಕ್ಕೆ ಹೊಸದಾಗಿ ಬಂದ ನರ್ಸ್. ಬಿಹಾರದ ಕಡೆ ನೀನು ಕಲ್ಲಿದ್ದಲು ಗಣಿಯ ಸರ್ವೇಯರ್ ಆಗಿದ್ದೆಯಲ್ಲ, ಆ ಗುಡ್ಡದ ಕೆಳಗಿನ ಹಳ್ಳಿಯವಳು. "ಕತಾರ್‌ಗೆ ಹೋದ್ರೆ ನನ್ನ ತಂಗಿ ಇದ್ದಾಳೆ ಅಂತ ಭೈಯಾ ಅಡ್ರೆಸ್ ಕೊಟ್ಟಿದ್ರು" ಎಂದು ಹಿಂದಿಯಲ್ಲಿ ಹೇಳಿದಳು.

ಭೈಯಾ! ನನ್ನ ಅಣ್ಣ ಇವಳಿಗೆ ಭೈಯಾ ಆದದ್ದು ಯಾವಾಗ?

ನನ್ನ ಮದುವೆಗೆ ನೀನು ಬರಲಿಲ್ಲ, ನೆನಪಿದೆಯಾ? ಧಾರೆಯ ಹೊತ್ತಿನವರೆಗೂ ಛತ್ರದ ಬಾಗಿಲನ್ನೇ ನೋಡುತ್ತಿದ್ದೆ. ರಜೆ ಸಿಗಲಿಲ್ಲವೆಂದೆ ನೀನು, ಫೋನಿನಲ್ಲಿ. ನಿಜ ಏನೆಂದು ಈಗ ಇವಳಿಂದ ತಿಳಿಯಬೇಕಾಯಿತು. ಗುಡ್ಡ ಸಿಡಿಸಿ ತೆಗೆದ ಮಣ್ಣು ಕಲ್ಲನ್ನೆಲ್ಲ ಗಣಿಯವರು ಇವಳ ಊರಿನ ಹಳ್ಳಕ್ಕೆ ಸುರಿಯುತ್ತಿದ್ದರಂತೆ. ಮೇಲಿನ ಕವಲು ಮುಚ್ಚಿಯೇ ಹೋಗಿತ್ತು. ಕೆಳಗೆ ನೀರು ಕಪ್ಪಾಗಿ ಮೀನು ಸತ್ತಿದ್ದವು. ನೀನು ಕೆಲಸ ಬಿಟ್ಟು, ಊರ ಹೆಂಗಸರ ಜೊತೆ ಲಾರಿಗಳಿಗೆ ಅಡ್ಡ ನಿಂತೆ. ನನ್ನ ಧಾರೆಯ ದಿನವೂ ಅಲ್ಲೇ ಇದ್ದೆ.

"ಅವತ್ತು ಸಂಜೆ ಭೈಯಾ ತಂಗಿ ಮದುವೆ ಅಂತ ನಮಗೆಲ್ಲ ಬೆಲ್ಲ ಹಂಚಿದ್ರು."

ಅವರಿಗೆ ಬೆಲ್ಲ. ನನಗೆ?

ಅಷ್ಟಕ್ಕೇ ಬಿಟ್ಟಳಾ? ನನ್ನ ಅಡುಗೆಮನೆಗೆ ಹೋಗಿ ಚಿತ್ರಾನ್ನ ಕಲಸಿದಳು, ನೀನು ಕಲಿಸಿದ್ದಂತೆ! ನೀನು ಒಲೆಯ ಹತ್ತಿರ ಸುಳಿದದ್ದನ್ನೇ ನಾನು ಕಂಡವಳಲ್ಲ. ಮಲೇರಿಯಾ ಜ್ವರದಲ್ಲಿ ನಿನ್ನ ಹಣೆಗೆ ಒದ್ದೆಬಟ್ಟೆ ಹಾಕಿದವಳೂ ಅವಳೇ, ಕೊನೆಗೆ ಬಾಯಿಗೆ ನೀರು ಬಿಟ್ಟವಳೂ ಅವಳೇ. ನನಗೆ ಬಂದದ್ದು ಒಂದು ಫೋನು. ವಿಮಾನ ಹಿಡಿದು ಬರುವಷ್ಟರಲ್ಲಿ…

ತಡೆಯಲಾಗಲಿಲ್ಲ. "ಅವನು ನನ್ನ ಅಣ್ಣ!" ಎಂದು ಕೂಗಿಬಿಟ್ಟೆ.

"ಖಲಾಸ್, ಸಾಕು ಬಿಡೇ. ಮನೆಗೆ ಬಂದಿರೋಳು" ಎಂದರು ಇವರು.

ಅವಳು ಅಂಜಲಿಲ್ಲ. "ದೀದಿ, ಅವರ ಬಾಲ್ಯವೆಲ್ಲ ನಿಮ್ಮ ಹತ್ರಾನೇ ಇದೆ. ನಮಗೆ ಸಿಕ್ಕಿದ್ದು ಕೊನೆಯ ನಾಲ್ಕು ವರ್ಷ. ಅದನ್ನೂ ವಾಪಸ್ ಕೇಳ್ತೀರಾ?"

ಹೌದು ಎನ್ನಲು ಬಾಯಿ ತೆರೆದೆ. ಆದರೆ ಎದ್ದು ಮೂರು ತಟ್ಟೆ ತಂದಿಟ್ಟೆ. ಮೂವರೂ ಕೂತು ಉಂಡೆವು. ಚಿತ್ರಾನ್ನಕ್ಕೆ ಉಪ್ಪು ಜಾಸ್ತಿಯಾಗಿತ್ತು. ಸುಳ್ಳೇಕೆ ಹೇಳಲಿ, ನನಗೆ ಸಮಾಧಾನವಾಯಿತು.

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ನೀನು ಹೋದ ಮೇಲೆ ಲಾರಿಗಳು ಮತ್ತೆ ಬಂದವು. ಹೆಂಗಸರು ಮತ್ತೆ ಅಡ್ಡ ನಿಂತರು. ಆ ಹಳ್ಳಕ್ಕೆ ಮಣ್ಣು ಸುರಿಯಕೂಡದೆಂದು ಕೋರ್ಟು ಹೇಳಿದೆ. ಮುಚ್ಚಿದ ಕವಲು ತೆರೆಯಲಿಲ್ಲ, ಪಕ್ಕದ ಗುಡ್ಡವೂ ಉಳಿಯಲಿಲ್ಲ. ಆದರೆ ಕೆಳಗೆ ನೀರು ತಿಳಿಯಾಗಿದೆಯಂತೆ. ಮೀನು ಬಂದಿವೆಯಂತೆ.

ಈ ಸಲದ ರಜೆಯಲ್ಲಿ ನಮ್ಮೂರು ಮೈಸೂರಿಗಿಂತ ಮೊದಲು ಅಲ್ಲಿಗೇ ಹೋಗುತ್ತೇನೆ, ಅವಳ ಜೊತೆ. ನಿನ್ನನ್ನು ಕಸಿದುಕೊಂಡದ್ದು ಎಂಥ ನೀರು ಎಂದು ಕಣ್ಣಾರೆ ನೋಡಬೇಕು. ಚೆನ್ನಾಗಿದ್ದರೆ ಹೊಟ್ಟೆ ಇನ್ನಷ್ಟು ಉರಿದೀತು. ಉರಿಯಲಿ. ಚೆನ್ನಾಗಿಯೇ ಇರಲಿ ಅಣ್ಣ.

ನಿನ್ನ ಮೊದಲನೇ ತಂಗಿ