ಕಂಬಳಿಯ ತೂಕ

ಡಿಸೆಂಬರ್ 9, ಮಂಗಳವಾರ

ಇವತ್ತು ಒಂದು ಕಂಬಳಿಯ ಕಳ್ಳತೂಕ ಹಿಡಿದೆ! ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಮರೋಳದ ಅಮಾತೆಪ್ಪಜ್ಜನ ಕ್ಯಾನ್ಸರ್ ಔಷಧಿ ಬೆರೆಸುವ ಮುನ್ನ ಚೀಟಿ ನೋಡಿದರೆ, ತೂಕ ಏರಿದೆ, ಅದಕ್ಕೆ ತಕ್ಕಂತೆ ಡೋಸೂ ಏರಿದೆ. ಆದರೆ ಬೆಳಿಗ್ಗೆ ಕಂಡಾಗ ಅಜ್ಜನ ಗಲ್ಲಗಳು ಒಳಗೆ ಹೋಗಿದ್ದವಲ್ಲ! ಔಷಧಿ ಬೆರೆಸದೆ ನೇರ ವಾರ್ಡಿಗೆ ಹೋದೆ.

"ತೂಕ ಏರಿದ್ರ ಚಲೋನ ಅಲ್ರಿ ಮೇಡಂ?" ಎಂದು ಡಾಕ್ಟರು ನಕ್ಕರು.

ಅಜ್ಜ ದಪ್ಪ ಕಂಬಳಿ ಹೊದ್ದು ಕುಳಿತಿದ್ದ. ನಾನು ಅವನನ್ನೇ ಕೇಳಿದೆ: "ತೂಗುವಾಗ ಕಂಬಳಿ ಹೆಗಲ ಮ್ಯಾಲ ಇತ್ತೇನು?"

"ಹೂಂ, ನಮ್ಮ ದೇವ್ರು ಬೀರಪ್ಪನ ಕಂಬಳಿ, ಕಂಡಕಂಡಲ್ಲಿ ಇಡಂಗಿಲ್ಲ ಯವ್ವಾ."

ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅಜ್ಜ ಮತ್ತೆ ತೂಕದ ಯಂತ್ರ ಹತ್ತಿದ. ಹೋದ ಸಲಕ್ಕಿಂತ ಕಡಿಮೆ! ಡಾಕ್ಟರು ಡೋಸ್ ಇಳಿಸಿ ಬರೆದರು.

ಅಜ್ಜ ಕಂಬಳಿಯನ್ನು ಬೆಂಚಿನ ಮೇಲೆ ಹಾಸಿದ. "ಕುಂದ್ರು ಯವ್ವಾ. ನಮ್ಮ ಗುರುಗಳಿಗೆ ಬಿಟ್ರ ಯಾರಿಗೂ ಹಾಸಿಲ್ಲ."

ಕುಳಿತೆ. ಡಾಕ್ಟರು ನಿಂತೇ ಇದ್ದರು.