ಗೇಟಿನಾಚೆಯ ಮೀನು

ಮಾರ್ಚ್ ಒಂಬತ್ತು, ಬೆಳಿಗ್ಗೆ

ಪ್ರೀತಿಯ ಶಿಷ್ಯೆಗೆ,

ಕ್ಷೇಮವಾಗಿರುವೆ ಎಂದು ನಂಬಿದ್ದೇನೆ. ನಿನ್ನ ವರದಿ ಕೈಸೇರಿ ಮೂರು ವಾರಗಳಾದವು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಯತ್ತ ಮುಖ ಮಾಡಿ ಕೂರುವುದೇ ಉದ್ಯೋಗವಾಗಿತ್ತು. ಕೊನೆಗೆ ತಡೆಯಲಾರದೆ ನನ್ನ ಹೆಂಡತಿಯಿಂದ ಓದಿಸಿಕೊಂಡೆ. ಮೂರು ಮಧ್ಯಾಹ್ನಗಳು ಹಿಡಿದವು. ಹನ್ನೊಂದನೆಯ ಪುಟದಲ್ಲಿ ಅವಳು ಬಹಳ ಹೊತ್ತು ನಿಂತಳು. ಸಾಲು ತಪ್ಪಿರಬೇಕು ಎಂದುಕೊಂಡೆ.

ಕಣ್ಣು ನೋಡಲೆಂದು, ನೀನು ಕಡಲಿಗೆ ಹೋಗುತ್ತಿದ್ದ ದೋಣಿಯ ಯಜಮಾನ ಬಂದಿದ್ದ. ಬಂದವನು ನನ್ನ ಕಣ್ಣು ಬಿಟ್ಟು ನಿನ್ನದೇ ಮಾತು ತೆಗೆದ.

"ಬರೋರೆಲ್ಲ ಎಷ್ಟು ಮೀನು ಬಿತ್ತು ಅಂತ ಕೇಳ್ತಾರೆ ಸಾರ್. ಈ ಹುಡುಗಿ ಟ್ಯಾಂಕಿಗೆ ಕೋಲು ಇಳಿಸಿ ಎಷ್ಟು ಡೀಸೆಲ್ ಹೋಯ್ತು ಅಂತ ನೋಡ್ತಾಳೆ. 'ಊಟಕ್ಕೂ ಡೀಸೆಲ್ಲೇ ಬಡಿಸ್ಲೇನಮ್ಮ' ಅಂದೆ. 'ನೀವು ಸುಟ್ಟು ಉಳಿಸಿದ್ರೆ ಬಡಿಸಿ ಅಣ್ಣ' ಅಂದ್ಲು. ಅವತ್ತಿಂದ ಸುಮ್ಸುಮ್ನೆ ಸುತ್ತೋದು ಬಿಟ್ಟಿದೀನಿ."

ನಲವತ್ತೆರಡು ದಿನ, ವಾಂತಿ ಮಾಡಿಕೊಳ್ಳುತ್ತಲೇ, ಪ್ರತಿ ಕಿಲೋ ಮೀನಿಗೆ ಎಷ್ಟು ಇಂಧನ ಉರಿಯಿತೆಂದು ಅಳೆದಿದ್ದೀಯೆ. ನನ್ನ ತಲೆಮಾರಿನವರು ಅದನ್ನು ಮೇಜಿನ ಮುಂದೆ ಕುಳಿತು ಅಂದಾಜಿಸಿದೆವು. ನೀರಿನ ಮೇಲ್ಪದರದಲ್ಲಿ ಹಿಂಡಾಗಿ ಚಲಿಸುವ ಸಣ್ಣ ಮೀನನ್ನು ಸುತ್ತುಬಲೆಯಿಂದ ಹಿಡಿಯುವ ದೋಣಿಗೆ ಬೇಕಾದದ್ದು ಅಲ್ಪ ಇಂಧನ, ಸಮುದ್ರದ ತಳವನ್ನು ಗೋರುತ್ತ ಸಾಗುವ ದೋಣಿಗೆ ಅದರ ಹಲವು ಪಟ್ಟು ಎಂದು ನೀನು ತೋರಿಸಿದ್ದೀಯೆ. ಆದ್ದರಿಂದ ಕೊಳದ್ದೋ ಕಡಲಿನದ್ದೋ ಎಂದಷ್ಟೇ ಕೇಳಿದರೆ ಸಾಲದು, ಹೇಗೆ ಹಿಡಿದರು, ಏನು ತಿನ್ನಿಸಿ ಬೆಳೆಸಿದರು ಎಂದು ಕೇಳಬೇಕು ಎಂಬ ನಿನ್ನ ವಾಕ್ಯವನ್ನು ಎರಡು ಬಾರಿ ಓದಿಸಿಕೊಂಡೆ.

ಇನ್ನು ಹನ್ನೊಂದನೆಯ ಪುಟ. ತರಬೇತಿ ಕೊಠಡಿಯ ಗೋಡೆಯ ಮೇಲೆ ನಾನು ಬರೆಸಿದ ಎರಡು ಪಟ್ಟೆಗಳ ಕೆಳಗೇ ಕುಳಿತು ನೀನು ಪಾಠ ಕೇಳಿದವಳು. ಒಂದು ಕಿಲೋ ಕೊಳದ ಮೀನಿಗಾಗಿ ಗಾಳಿ ಸೇರುವ ಇಂಗಾಲ ಗಿಡ್ಡ ಹಸಿರು ಪಟ್ಟೆ, ಕಡಲ ಮೀನಿನದು ಸೂರು ಮುಟ್ಟುವ ಕಪ್ಪು ಪಟ್ಟೆ. ಪ್ರತಿ ವರ್ಷ ಬಣ್ಣ ಹೊಸದು ಮಾಡಿಸುತ್ತಿದ್ದೆ, ಲೆಕ್ಕವನ್ನಲ್ಲ. ಕಡಲಿನ ಲೆಕ್ಕಕ್ಕೆ ತಳ ಗೋರುವ ದೋಣಿಗಳನ್ನಷ್ಟೇ ತೆಗೆದುಕೊಂಡಿದ್ದೆ. ಕೊಳದಲ್ಲಾದರೆ ಸಾಕಣೆ ಕೇಂದ್ರದ ಗೇಟಿನ ಒಳಗೆ ಉರಿದದ್ದು ಮಾತ್ರ ನಮ್ಮದು ಎಂಬ ನಿಯಮ ಮಾಡಿದ್ದೆ. ನೀರೆತ್ತುವ ಪಂಪು, ನೀರಿಗೆ ಗಾಳಿಯೂಡುವ ಯಂತ್ರ, ಅಷ್ಟೇ. ಮೀನಿನ ಆಹಾರ ಹೊರಗಿನಿಂದ ಚೀಲಗಳಲ್ಲಿ ತಯಾರಾಗಿ ಬರುತ್ತಿತ್ತು, ಆದ್ದರಿಂದ ಅದು ಶೂನ್ಯ. ಆ ಪುಟದಲ್ಲಿ ನೀನು ಚೀಲ ಬಿಚ್ಚಿ ಕೇಳಿದ್ದೀಯೆ: "ಇದರೊಳಗಿನ ಮೀನಿನ ಪುಡಿ ಎಲ್ಲಿಂದ ಬಂತು?" ಕಡಲಿನಿಂದ, ಡೀಸೆಲ್ ಸುಟ್ಟೇ ಬಂದಿತ್ತು. ಅದನ್ನೂ ಚೀಲದ ಉಳಿದ ಧಾನ್ಯವನ್ನೂ ಸೇರಿಸಿದರೆ ನನ್ನ ಹಸಿರು ಪಟ್ಟೆ ಸುತ್ತುಬಲೆಯ ದೋಣಿಯನ್ನು ದಾಟಿ ಮೇಲಕ್ಕೇರುತ್ತದೆ. ಆಹಾರವನ್ನೇ ಹಾಕದೆ, ನೀರಿಗೆ ಇಳಿಬಿಟ್ಟ ಹಗ್ಗದ ಮೇಲೆ ಬೆಳೆಸುವ ಚಿಪ್ಪುಮೀನುಗಳು ಮಾತ್ರ ಎಲ್ಲರಿಗಿಂತ ಕೆಳಗೆ ನಿಲ್ಲುತ್ತವೆ.

"ನಿಮ್ಮ ತಪ್ಪನ್ನ ಇಷ್ಟು ಮರ್ಯಾದೆಯಾಗಿ ಯಾರೂ ಹೇಳಿರ್ಲಿಲ್ಲ ಬಿಡಿ, ನಾನೂ ಹೇಳಿಲ್ಲ" ಎಂದಳು ನನ್ನ ಹೆಂಡತಿ.

ಆದರೆ ವರದಿಯ ಜೊತೆಗಿಟ್ಟ ಚೀಟಿಯಲ್ಲಿ "ಸರ್, ನೀವು ಬೇಡ ಅಂದರೆ ಆ ಪುಟ ತೆಗೆದುಬಿಡುತ್ತೇನೆ" ಎಂದು ಬರೆದಿದ್ದೀಯೆ. ನೀನು ವರದಿ ಓದಲಿರುವ ಗುರುವಾರದ ಸಭೆಯಲ್ಲಿ ಹೊಸ ಕೊಳಗಳನ್ನು ತೋಡಬೇಕೋ, ಹಗ್ಗಗಳನ್ನು ಇಳಿಬಿಡಬೇಕೋ ಎಂದು ನಿರ್ಧಾರವಾಗುತ್ತದೆ. ಆ ಪುಟವಿಲ್ಲದೆ ಹೋದರೆ ಅವರು ನನ್ನ ಗೋಡೆಯನ್ನೇ ನಂಬುತ್ತಾರೆ. ತೆಗೆಯಬೇಡ. ಅದನ್ನೇ ಮೊದಲು ಓದು. ನನ್ನ ತಪ್ಪನ್ನು ಹೆಸರು ಹಿಡಿದೇ ಹೇಳು. ಗೋಡೆಗೆ ಸುಣ್ಣ ಬಳಿಸಬೇಡ. ನನ್ನ ಪಟ್ಟೆಗಳು ಇದ್ದಲ್ಲೇ ಇರಲಿ, ಪಕ್ಕದಲ್ಲಿ ನಿನ್ನವು ಬರಲಿ. ಮುಂದೆ ಬರುವ ಮಕ್ಕಳು ಎರಡನ್ನೂ ನೋಡಿ, ನಿನ್ನ ಲೆಕ್ಕವನ್ನೂ ಧೈರ್ಯವಾಗಿ ಪ್ರಶ್ನಿಸಲಿ.

ಓದುವಾಗ ಧ್ವನಿ ತಗ್ಗಿಸಬೇಡ. ನಿನ್ನ ಕೋಲು ಎಂದೂ ಸುಳ್ಳಾಡದಿರಲಿ, ಹೊಟ್ಟೆ ಕಡಲಿಗೆ ಒಗ್ಗಲಿ.

ಇತಿ,
ನಿನ್ನ ಹಳೆಯ ಮೇಷ್ಟ್ರು

ಮರೆತ ಮಾತು: ಹನ್ನೊಂದನೆಯ ಪುಟದಲ್ಲಿ ನನ್ನ ಹೆಂಡತಿಗೆ ಸಾಲು ತಪ್ಪಿರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ, ಅದೇ ಕೊಠಡಿಯಲ್ಲಿ, ಚೀಲದ ಬಗ್ಗೆ ಅದೇ ಪ್ರಶ್ನೆಯನ್ನು ಇನ್ನೊಬ್ಬಳು ಕೇಳಿದ್ದಳು. "ಗೇಟಿನಾಚೆಯದು ನಮ್ಮದಲ್ಲ. ಮನೆಯ ಸಲಿಗೆಯನ್ನ ಇಲ್ಲಿ ತೋರಿಸ್ಬೇಡ" ಎಂದು ಎಲ್ಲರೆದುರು ಗದರಿಸಿದೆ. ಅವಳು ನನ್ನ ಮಗಳು, ಆಗ ನನ್ನ ಕೈಕೆಳಗೇ ಕೆಲಸಕ್ಕಿದ್ದಳು. ಆ ವಾರವೇ ಕೆಲಸ ಬಿಟ್ಟಳು. ಈಗ ಬೇರೆ ಊರಿನಲ್ಲಿ ಸಣ್ಣ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಫೋನನ್ನು ನಾನು ಎತ್ತಿದರೆ "ಅಮ್ಮ ಇದಾರಾ?" ಎನ್ನುತ್ತಾಳೆ, ಅಷ್ಟೇ. ಆ ಪುಟದ ಅಡಿಯಲ್ಲಿ, ಇದನ್ನು ಮೊದಲು ಕೇಳಿದವಳು ಅವಳೆಂದು ಒಂದು ಸಾಲು ಸೇರಿಸಿ ನನಗೊಂದು ಪ್ರತಿ ಕಳುಹಿಸು. ಅದನ್ನು ಮಗಳಿಗೆ ಅಂಚೆಯಲ್ಲಿ ಹಾಕಿದರಾಯಿತಲ್ಲ ಎಂದಳು ಅವಳ ತಾಯಿ. ಬೇಡವೆಂದೆ. ಡಾಕ್ಟರು ಬಸ್ಸು ಹತ್ತಬಹುದು ಎಂದ ದಿನ ನಾನೇ ಒಯ್ಯುತ್ತೇನೆ. ಹನ್ನೊಂದನೆಯ ಪುಟವನ್ನು ಅವಳೆದುರು ನಾನೇ ಓದಬೇಕು.