ಅಮ್ಮಿಯ ಮಂಡಿ, ನನ್ನ ನಿಕಾಹ್

ಶಿರಸಿ
ಸೋಮವಾರ, ೮-೧-೧೯೯೬

ಪ್ರೀತಿಯ ಮಾಜ್ ಭಾಯಿ,

ಸಲಾಂ. ರತ್ನಾಗಿರಿಯ ಊಟ ಒಗ್ಗಿತೇ? ಕೆಮ್ಮು ಹೋಯಿತೇ? ಹೊಗೆ ಬಿಡುವ ಕೆಲಸ ಲಾರಿಗೇ ಇರಲಿ, ನೀನು ಬೀಡಿ ಬಿಡು. ಇಲ್ಲಿ ಎಲ್ಲರೂ ಕ್ಷೇಮ, ಅಮ್ಮಿಯ ಬಲಗಾಲೊಂದನ್ನು ಬಿಟ್ಟು. ನಮ್ಮ ಮನೆಗೀಗ ಎರಡು ಮಂಡಿ. ಅಬ್ಬಾ ತೂಕಕ್ಕೆ ನಿಲ್ಲುವ ಅಡಿಕೆ ಮಂಡಿ ಸಂಜೆಗೆ ಬಾಗಿಲು ಹಾಕುತ್ತದೆ. ಅಮ್ಮಿಯದಕ್ಕೆ ರಜೆಯೇ ಇಲ್ಲ.

ಶನಿವಾರ ಹುಬ್ಬಳ್ಳಿಗೆ ಕರೆದೊಯ್ದಿದ್ದೆ. ಮಂಡಿಯ ಒಳಬದಿ ಪೂರ್ತಿ ಸವೆದಿದೆಯಂತೆ, ಹೊರಬದಿ ಚೆನ್ನಾಗಿದೆ. ದಾರಿ ಎರಡು. ಮಂಡಿಯ ಕೆಳಗೆ ಮೂಳೆ ಕೊಯ್ದು, ಓರೆ ತಿದ್ದಿ, ಲೋಹದ ಪಟ್ಟಿ ಹಾಕಿ ಕೂಡಿಸುವುದು ಒಂದು. ಭಾರ ಒಳ್ಳೆಯ ಬದಿಗೆ ಬೀಳುತ್ತದೆ, ಕೀಲು ತನ್ನದೇ ಉಳಿಯುತ್ತದೆ. ಆದರೆ ಎರಡು-ಮೂರು ತಿಂಗಳು ಊರುಗೋಲು. ಕೀಲನ್ನೇ ತೆಗೆದು ಲೋಹದ್ದು ಕೂರಿಸುವುದು ಇನ್ನೊಂದು. ಬೇಗ ಓಡಾಡಬಹುದು, ಆದರೆ ನೆಲಕ್ಕೆ ಮಂಡಿಯೂರುವುದು ಕಷ್ಟ, ನಲವತ್ತೇಳಕ್ಕೇ ಹಾಕಿಸಿದರೆ ಮುಂದೆ ಅದೂ ಸವೆದು ಮತ್ತೆ ಕೊಯ್ಯಿಸಬೇಕಾದೀತು. ಒಂದು ಆಲ್ಟರೇಷನ್, ಇನ್ನೊಂದು ಹೊಸ ಬಟ್ಟೆ ಎಂದು ನಮ್ಮ ಟೇಲರಮ್ಮನಿಗೆ ಬಿಡಿಸಿ ಹೇಳಿದೆ. ಡಾಕ್ಟರರು, “ನಿಮ್ಮ ವಯಸ್ಸಿಗೆ ಮೊದಲನೇದು ಛಲೋ ರೀ. ನಮಾಜಿಗೆ ನೆಲದ ಮ್ಯಾಲ ಕೂಡತೀರಲ್ಲ?” ಎಂದರು. ಅಮ್ಮಿ ಥಟ್ಟನೆ, “ಇಲ್ಲ, ಸ್ಟೂಲಿನ ಮೇಲೆ. ಹೊಸದೇ ಹಾಕಿ” ಎಂದಳು.

ಪೂರ್ತಿ ಸುಳ್ಳಲ್ಲ. ಈಚೆಗೆ ಹೊಲಿಗೆ ಮೆಷಿನ್ನಿನ ಸ್ಟೂಲನ್ನು ನಮಾಜಿನ ಚಾಪೆಯ ಮೇಲಿಟ್ಟು ಅಭ್ಯಾಸ ಮಾಡುತ್ತಿದ್ದಾಳೆ. ಕಾರಣ ಬಸ್ಸಿನಲ್ಲಿ ಹೊರಬಿತ್ತು: “ಮಾರ್ಚಿನಲ್ಲಿ ನಿನ್ನ ನಿಕಾಹ್. ಸಿದ್ದಾಪುರದ ಬೀಗರೆದುರು ಊರುಗೋಲು ಹಿಡಿದು ನಿಲ್ಲಲಾ?” ಅಬ್ಬಾನದೂ ಅದೇ ರಾಗ. ನಿನ್ನೆ ನೋಡಿದೆ, ಸ್ಟೂಲಿನಿಂದ ಬಗ್ಗಿದ ಹಣೆ ನೆಲ ಸಿಗದೆ ಅರ್ಧದಲ್ಲೇ ನಿಂತಿತ್ತು. ನಮಾಜು ಮುಗಿದ ಮೇಲೆ ಕೈಚಾಚಿ ಚಾಪೆಯನ್ನು ಸವರಿದಳು. ನನಗೆ ಯಾವ ತಮಾಷೆಯೂ ಹೊಳೆಯಲಿಲ್ಲ. ಎರಡರಲ್ಲಿ ಯಾವುದೆಂದು ಗುರುವಾರದೊಳಗೆ ಡಾಕ್ಟರರಿಗೆ ತಿಳಿಸಬೇಕು.

ಲಾರಿ ನಿಧಾನ ಓಡಿಸು. ಅಮ್ಮಿಯ ದುವಾ ನಿನ್ನ ಹಿಂದೆಯೇ ಬರುತ್ತಿದೆ, ಅದನ್ನು ಓವರ್‌ಟೇಕ್ ಮಾಡಬೇಡ.

ನಿನ್ನ ತಂಗಿ,
ನಗ್ಮಾ

ತಾ.ಕ.: ಇವತ್ತು ನಾನೊಬ್ಬಳೇ ಸಿದ್ದಾಪುರಕ್ಕೆ ಹೋಗಿ, ಅಮ್ಮಿ ಊರುಗೋಲು ಬಿಡುವವರೆಗೆ ಮದುವೆ ಮುಂದೆ ಹಾಕಿ ಎಂದು ಅತ್ತೆಯಾಗುವವರನ್ನೇ ಕೇಳಿ ಬಂದೆ. ಮದುಮಗಳೇ ಬಂದದ್ದಕ್ಕೆ ದಂಗಾದರು. ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಬುಧವಾರ ಸಂಜೆ ಅಬ್ಬಾನ ಬಳಿ ಬರುತ್ತಾರೆ, ಅಬ್ಬಾಗೆ ಏನೂ ಗೊತ್ತಿಲ್ಲ. ಅದಕ್ಕೇ ಇದನ್ನು ರತ್ನಾಗಿರಿಗೆ ಹೊರಟ ಕೆರಿಯಪ್ಪನ ಲಾರಿಯಲ್ಲಿ ಕಳಿಸುತ್ತಿದ್ದೇನೆ. ಕೈಸೇರಿದ ಕೂಡಲೇ ಅಡಿಕೆ ಮಂಡಿಗೆ ಫೋನು ಮಾಡಿ ಅಬ್ಬಾಗೆ ನೀನೇ ಹೇಳು. ಕಾಯಲಾಗದಿದ್ದರೆ ಬೇರೆ ಹುಡುಗಿ ನೋಡಿಕೊಳ್ಳಿ ಎಂದು ನಾನು ಅಲ್ಲಿ ಹೇಳಿದ್ದನ್ನು ಮಾತ್ರ ಬಾಯಿಬಿಡಬೇಡ. ಅಮ್ಮಿಯ ಕಿವಿಗೆ ಬಿದ್ದರೆ ಗುರುವಾರದವರೆಗೂ ಕಾಯುವವಳಲ್ಲ, ಹೊಸದೇ ಹಾಕಿ ಎಂದು ಅವತ್ತೇ ಡಾಕ್ಟರರಿಗೆ ಹೇಳಿಬಿಡುತ್ತಾಳೆ.